ಮರ್ಕಟಮರ್ದನದ ಮರುಜನ್ಮ

ನಮ್ಮ ಸೀಮೆಯಲ್ಲಿ ಯಾವ ಯಂತ್ರ ಕೆಟ್ಟರೂ ಅದನ್ನು ಬಿಚ್ಚಿ ನೋಡುವ ಮೊದಲ ಹಕ್ಕು ನನ್ನದು ಎಂದು ನಂಬಿ ಬದುಕಿದವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ಸವಣೂರು ಪೇಟೆಯಲ್ಲಿ ಗಿರಿಧರ ಮಾಷ್ಟ್ರ ಮನೆ ಎಲ್ಲಿ ಎಂದು ಕೇಳಿದರೆ ದಾರಿಯನ್ನೂ ತೋರಿಸುತ್ತಾರೆ, ಜೊತೆಗೆ ರಿಪೇರಿಗೆಂದು ಒಂದು ಮಿಕ್ಸಿಯನ್ನೂ ಕೊಟ್ಟು ಕಳಿಸುತ್ತಾರೆ. ಇಂಥ ನಾನು ಆ ಭಾನುವಾರ ಬೆಳಿಗ್ಗೆ ನೀರುದೋಸೆಯ ಎದುರು ಕುಳಿತು, ತಲೆಗೊಂದು ಕಿರೀಟ ಮಾತ್ರ ಕಡಿಮೆ ಎನ್ನುವ ಗತ್ತಿನಲ್ಲಿ ಘೋಷಿಸಿದೆ.

"ಇವತ್ತು ಮರ್ಕಟಮರ್ದನಕ್ಕೆ ಹೊಸ ಫರ್ಮ್‌ವೇರ್ ಹಾಕುದು. ಕಾಫಿ ಆರುವುದರೊಳಗೆ ಆಗ್ತದೆ."

ಹೆಂಡತಿ ವಸುಮತಿ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ. "ಈಗ ಅದಕ್ಕೆ ಎಂತ ಆಗಿದೆ?"

"ಎಂತದೂ ಆಗ್ಲಿಲ್ಲ. ಚಂದ ಉಂಟು."

"ಚಂದ ಇರುವುದಕ್ಕೆ ಕೈ ಹಾಕುದು ಎಂತಕ್ಕೆ ಮಾರಾಯ್ರೆ? ಅದೂ ಇವತ್ತೇ?"

ಮರ್ಕಟಮರ್ದನ ಎಂದರೆ ನಾನೇ ಕಟ್ಟಿದ, ನಾನೇ ಹೆಸರಿಟ್ಟ, ಮಂಗ ಓಡಿಸುವ ಯಂತ್ರ. ಅದರ ಜೀವ ಇರುವುದು ಅಂಗೈಯಗಲದ ಒಂದು ಆಡಿಯೋ ಬೋರ್ಡಿನಲ್ಲಿ. ಮೈಕು, ಬ್ಲೂಟೂತು, ವೈಫೈ ಎಲ್ಲ ಅದರ ಮೈಮೇಲೇ ಉಂಟು. ಬಾಳೆಯ ಹತ್ತಿರ ಮಂಗ ಸುಳಿದರೆ ಸೆನ್ಸರು ಬೋರ್ಡಿಗೆ ಹೇಳುತ್ತದೆ, ಬೋರ್ಡು ಪಂಪ್ ಶೆಡ್ಡಿನ ಮಾಡಿನ ಮೇಲಿರುವ ಹಾರ್ನಿಗೆ ಹೇಳುತ್ತದೆ, ಹಾರ್ನು ಊರಿಗೆಲ್ಲ ಹೇಳುತ್ತದೆ. ಮೊದಲು ಅದರಲ್ಲಿ ಹುಲಿಯ ಗರ್ಜನೆ ತುಂಬಿಸಿದ್ದೆ. ಮಂಗಗಳು ಬಾಳೆಹಣ್ಣು ಸುಲಿಯುತ್ತಾ ಪೂರ್ತಿ ಕೇಳಿದವು. ಪಟಾಕಿ ಹಾಕಿದೆ, ಹತ್ತಿರ ಬಂದು ಕೇಳಿದವು. ಕೊನೆಗೆ ಒಂದು ದಿನ ವಸುಮತಿಯ ಕೂಗನ್ನೇ ಹಿಡಿದು ಹಾಕಿದೆ. "ಹೋಯ್, ಇಳಿ ಕೆಳಗೆ! ಕಾಲು ಮುರಿತೇನೆ ನೋಡು!" ಎಂದು ಹಾರ್ನು ಗುಡುಗಿದ್ದೇ ತಡ, ಇಡೀ ಹಿಂಡು ಹೊಳೆ ದಾಟಿ ಆಚೆ ಕಾಡಿಗೆ ಓಡಿತು. ಅಂಗಳದಲ್ಲಿದ್ದ ನಾನೂ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

ಅಲ್ಲಿಂದ ವಸುಮತಿಗೆ ಬಿಡುಗಡೆ. ಅದಕ್ಕೂ ಮೊದಲು ಮಧ್ಯಾಹ್ನದ ಊಟ ಆದ ಮೇಲೆ ತೋಟ ಕಾಯುವವಳು ಅವಳೇ. ಸುಮ್ಮನೆ ನಿಲ್ಲಲು ಬೇಸರವೆಂದು ತಾಳಮದ್ದಳೆಯ ಅರ್ಥ ಹೇಳುವ ಅಭ್ಯಾಸವನ್ನು ಬಾಳೆಯ ಬುಡದಲ್ಲೇ ಮಾಡುತ್ತಿದ್ದಳು. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಬರೀ ಮಾತಿನಲ್ಲೇ ರಾಜ ರಾಣಿಯರಾಗಿ ವಾದಿಸಬೇಕಾದ ಆಟ ಅದು. ಮಾತಿನ ಆಟದಲ್ಲಿ ವಸುಮತಿಯ ಸಾಧನೆ ಮದುವೆಯಾದ ದಿನದಿಂದ ನನ್ನ ಮೇಲೆಯೇ ನಡೆದಿತ್ತು. ಆದರೆ ಕೂಟಕ್ಕೆ ಕರೆ ಬಂದಾಗೆಲ್ಲ "ತೋಟದಲ್ಲಿ ಮಂಗ ಉಂಟು, ಬರ್ಲಿಕ್ಕೆ ಆಗುದಿಲ್ಲ" ಎಂದು ಬಿಡುತ್ತಿದ್ದಳು.

ಈಗ ಮರ್ಕಟಮರ್ದನದ ಕೃಪೆಯಿಂದ ಆ ಭಾನುವಾರ ಮೂರು ಗಂಟೆಗೆ ಪುತ್ತೂರಿನಲ್ಲಿ ಅವಳ ಮೊದಲ ಕೂಟ. ಅವಳು ರಾಣಿ. ಎದುರಿಗೆ ರಾಜನಾಗಿ ಯಜ್ಞೇಶ್ವರಣ್ಣ. ಅವರ ಎದುರು ಕುಳಿತ ಹೊಸಬರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದ ಕಥೆಗಳು ಬೇಕಷ್ಟು ಇವೆ. ವಸುಮತಿಗೆ ಹೆದರಿಕೆ ಇತ್ತು. ಹಿಂದಿನ ದಿನ ಸೀರೆಗೆ ಇಸ್ತ್ರಿ ಹಾಕುತ್ತಾ ಹೇಳಿದ್ದಳು, "ನೀವು ಮೊದಲ ಸಾಲಿನಲ್ಲಿ ಕೂತ್ಕೊಳ್ಳಿ ಆಯ್ತಾ? ನಿಮ್ಮ ಮುಖ ಕಂಡ್ರೆ ನನಗೆ ಮಾತು ತನ್ನಷ್ಟಕ್ಕೆ ಬರ್ತದೆ."

ಕೂರುತ್ತೇನೆ ಎಂದು ಮಾತು ಕೊಟ್ಟಿದ್ದೆ. ತೋಟದ ಕೆಲಸದ ಸೀನ ಮದುವೆಗೆಂದು ಸುಳ್ಯಕ್ಕೆ ಹೋಗಿದ್ದ. ಕಡಿಯಲು ತಯಾರಾದ ವಸುಮತಿಯ ನೇಂದ್ರ ಬಾಳೆಯ ಗೊನೆಗಳು ಸಾಲಾಗಿ ತೂಗುತ್ತಿದ್ದವು. ಯಂತ್ರ ಒಂದಿದ್ದರೆ ಸಾಕು, ಗಂಡ ಹೆಂಡತಿ ಇಬ್ಬರೂ ಹೊರಡಬಹುದು. ಯಂತ್ರವೇನೋ ಇತ್ತು. ಆದರೆ ಬೋರ್ಡಿನ ತಲೆಯೊಳಗಿನ ಬುದ್ಧಿಯಾದ ಫರ್ಮ್‌ವೇರನ್ನು ಹೊಸದು ಮಾಡಿದರೆ ಧ್ವನಿ ಇನ್ನೂ ಸ್ಪಷ್ಟವಾಗುತ್ತದೆ ಎಂದು ಕಂಪನಿಯವರು ಬರೆದದ್ದನ್ನು ಓದಿದ ಮೇಲೆ ನನ್ನ ಕೈ ಸುಮ್ಮನಿರಬೇಕಲ್ಲ.

"ಆಯ್ತು, ಹಾಕಿ," ಎಂದಳು ವಸುಮತಿ, ದೋಸೆ ಮಗುಚುತ್ತಾ. "ತ್ರೀ ಫೇಸ್ ಬರುವ ಹೊತ್ತು ಇದು. ಆಟೋ ಆಫ್ ಮಾಡಿ ಮತ್ತೆ ಹಾಕಿ."

ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ನಮ್ಮಲ್ಲಿ ತನಗೆ ಮನಸ್ಸಾದಾಗ ಬರುತ್ತದೆ. ಅದನ್ನು ಕಾದು ಕೂರಲಾಗದು ಎಂದು ಎಲ್ಲರ ಪಂಪಿಗೂ ಆಟೋ ಸ್ಟಾರ್ಟರ್ ಇದೆ. ಕರೆಂಟು ಬಂದದ್ದೇ ಊರಿನ ಪಂಪುಗಳೆಲ್ಲ ಒಟ್ಟಿಗೆ ಎದ್ದು ಕೂಗುತ್ತವೆ. ಈ ವಿಜ್ಞಾನವನ್ನು ವಿಜ್ಞಾನದ ಮಾಷ್ಟ್ರಿಗೇ ಹೇಳಬೇಕೇ ಎಂದು ನಗುತ್ತಾ ಪಂಪ್ ಶೆಡ್ಡಿಗೆ ಇಳಿದೆ. ಆಟೋ ಆಫ್ ಮಾಡಿದರೆ ಮತ್ತೆ ಆನ್ ಮಾಡಲು ನೆನಪಿರಬೇಕು, ಮರೆತರೆ ತೋಟಕ್ಕೆ ನೀರಿಲ್ಲ. ಆದ್ದರಿಂದ ದೂರದೃಷ್ಟಿಯಿಂದ ಯೋಚಿಸಿ, ಅದನ್ನು ಮುಟ್ಟಲಿಲ್ಲ.

ಮೊಬೈಲಿನಲ್ಲಿ ಅಪ್‌ಡೇಟ್ ಒತ್ತಿದೆ. ಹಸಿರು ಪಟ್ಟಿ ಹರಿಯತೊಡಗಿತು. ಅರ್ಧ ದಾಟಿತು. ನಾನು ಮೀಸೆ ತಿರುವಬೇಕು ಎನ್ನುವಷ್ಟರಲ್ಲಿ ಸ್ಟಾರ್ಟರ್ ಟಕ್ ಎಂದಿತು. ಪಂಪು ಗುರ್ ಎಂದಿತು. ಶೆಡ್ಡಿನ ಬಲ್ಬು ಸಣ್ಣಗಾಯಿತು, ಬೋರ್ಡಿನ ದೀಪ ಒಮ್ಮೆ ಮಿಟುಕಿ ಆರಿತು. ಬಲ್ಬು ಮತ್ತೆ ಬೆಳಗಿತು. ಬೋರ್ಡು ಬೆಳಗಲಿಲ್ಲ. ಅದರ ತಲೆಯಲ್ಲಿ ಅರ್ಧ ಹಳೆಯ ಬುದ್ಧಿ, ಅರ್ಧ ಹೊಸ ಬುದ್ಧಿ ಸೇರಿಕೊಂಡು ಯಾವುದೂ ಕೆಲಸ ಮಾಡದಂತಾಯಿತು.

ಬಟನ್ ಒತ್ತಿದೆ. ತಟ್ಟಿದೆ. ಊದಿದೆ. ಎಡಗೈಯಲ್ಲಿ ಹಿಡಿದು ಪ್ರೀತಿಯಿಂದ ಮಾತಾಡಿಸಿದೆ. ಅದನ್ನು ಅಂಗಿಯ ಕಿಸೆಯಲ್ಲಿ ಮುಚ್ಚಿಕೊಂಡು ಮನೆಗೆ ಬಂದಾಗ ವಸುಮತಿ ನನ್ನ ಮುಖ ನೋಡಿದ್ದೇ ಒಲೆ ಆರಿಸಿದಳು.

"ಆಟೋ ಆಫ್ ಮಾಡ್ಲಿಲ್ಲ ಅಲ್ವಾ?"

"ಅದು ಮುಖ್ಯ ಅಲ್ಲ. ಮುಖ್ಯ ಎಂತ ಅಂದ್ರೆ, ಇದನ್ನು ಬದುಕಿಸ್ಲಿಕ್ಕೆ ದಾರಿ ಉಂಟು."

"ಮೂರು ಗಂಟೆಯೊಳಗೆ ಉಂಟಾ?"

"ಹನ್ನೊಂದರೊಳಗೆ ಉಂಟು."

ದಾರಿ ಇದ್ದದ್ದು ನಿಜ. ವೈಫೈ ಸತ್ತರೂ ಬೋರ್ಡಿನ ಬೆನ್ನಿಗೆ ಕಂಪ್ಯೂಟರಿನಿಂದ ನೇರ ಒಂದು ಕೇಬಲ್ ಚುಚ್ಚಿ, ಎಲ್ಲ ಅಳಿಸಿ, ಕಾರ್ಖಾನೆಯಲ್ಲಿ ಹಾಕಿದ್ದ ಮೂಲ ಫರ್ಮ್‌ವೇರನ್ನೇ ಮತ್ತೆ ತುಂಬಿಸಬಹುದು. ಕೇಬಲ್ ಚುಚ್ಚಿದೆ. ಕಂಪ್ಯೂಟರು ಬೋರ್ಡಿನ ಗುರುತೇ ಇಲ್ಲದಂತೆ ಸುಮ್ಮನಿತ್ತು. ಮನೆಯಲ್ಲಿದ್ದ ಒಂದೊಂದೇ ಕೇಬಲ್ ತಂದು ಚುಚ್ಚಿದೆ. ಎಲ್ಲವೂ ಚಾರ್ಜ್ ಮಾಡುವ ಕೇಬಲ್‌ಗಳು; ಕರೆಂಟು ಒಯ್ಯುತ್ತವೆ, ಸುದ್ದಿ ಒಯ್ಯುವುದಿಲ್ಲ. ಸ್ಕೂಟರು ಹತ್ತಿ ಸವಣೂರಿನ ರವೂಫನ ಮೊಬೈಲ್ ಅಂಗಡಿಗೆ ಓಡಿದೆ.

"ಕೇಬಲ್ ಬೇಕಿತ್ತು ರವೂಫ್."

"ಬನ್ನಿ ಮಾಷ್ಟ್ರೆ. ಫಾಸ್ಟ್ ಚಾರ್ಜಿಂಗಿಂದು ಉಂಟು, ಸೂಪರ್ ಫಾಸ್ಟಿಂದು ಉಂಟು."

"ಚಾರ್ಜ್ ಬೇಡ. ಡೇಟಾ ಹೋಗ್ಬೇಕು. ಹಳೆ ನಮೂನೆ ಸಣ್ಣ ಪಿನ್ನಿಂದು."

"ಹಳೆ ಪಿನ್ನಾ? ಅದನ್ನು ಈಗ ಯಾರು ಕೇಳ್ತಾರೆ ಮಾಷ್ಟ್ರೆ? ಪುತ್ತೂರಲ್ಲಿ ಸಿಕ್ಕಿದ್ರೆ ಸಿಕ್ಕೀತು. ಅದೂ ಭಾನುವಾರ." ರವೂಫ್ ನನ್ನ ಕೈಯಲ್ಲಿದ್ದ ಬೋರ್ಡನ್ನು ಬಗ್ಗಿ ನೋಡಿದ. "ಇದು ಎಂತ, ನಿಮ್ಮ ಮಂಗನ ಮಷಿನಾ? ಇದನ್ನು ತೆಗೊಳ್ಳುವಾಗ ಒಟ್ಟಿಗೆ ಕೇಬಲ್ ಬಂದಿರ್ಬೇಕಲ್ಲ?"

ಬಂದಿತ್ತು. ಬಂದದ್ದು ನೆನಪಾದ ಕೂಡಲೇ ಅದು ಹೋದದ್ದೆಲ್ಲಿಗೆ ಎನ್ನುವುದೂ ನೆನಪಾಗಿ ಅಂಗಡಿಯ ಮೆಟ್ಟಿಲಲ್ಲೇ ಬೆವರಿದೆ. ಕಳೆದ ವರ್ಷ ವಸುಮತಿ ಬಸಳೆ ಚಪ್ಪರ ಕಟ್ಟುವಾಗ ಹಗ್ಗ ಸಾಲಲಿಲ್ಲ. ಆಗ ಔದಾರ್ಯದ ಭರದಲ್ಲಿ, ಕೆಲಸಕ್ಕೆ ಬಾರದ್ದೆಂದು ಒಂದು ಕಟ್ಟು ಕೇಬಲ್ ತಂದು ಕೊಟ್ಟವನು ನಾನೇ.

ಮನೆಗೆ ಬಂದು ಯಾರಿಗೂ ಹೇಳದೆ ಹಿತ್ತಿಲಿಗೆ ನಡೆದೆ. ಬಸಳೆ ಸೊಂಪಾಗಿ ಹಬ್ಬಿತ್ತು. ಎಲೆ ಸರಿಸಿ ನೋಡಿದರೆ ಗಂಟು ಗಂಟಿಗೂ ಒಂದೊಂದು ಕೇಬಲ್. ಕಪ್ಪು, ಬಿಳಿ, ಬೂದು. ಬೇಕಾದದ್ದು ನಡುವಿನ ಅಡ್ಡಗೋಲಿನಲ್ಲಿ, ಇಡೀ ಚಪ್ಪರವನ್ನು ಹಿಡಿದುಕೊಂಡು ಕುಳಿತಿತ್ತು. ಸ್ಟೂಲು ಹತ್ತಿ ಗಂಟು ಬಿಚ್ಚಿದೆ. ಕೇಬಲ್ ಕೈಗೆ ಬಂತು. ಅದರ ಹಿಂದೆಯೇ ಅಡ್ಡಗೋಲು ಬಂತು, ಅದರ ಹಿಂದೆ ಚಪ್ಪರ ಬಂತು, ಕೊನೆಯಲ್ಲಿ ಸ್ಟೂಲು ಹೋಯಿತು.

ವಸುಮತಿ ಓಡಿ ಬಂದಾಗ ಬಸಳೆಯ ರಾಶಿಯಿಂದ ನನ್ನ ಒಂದು ಕೈ ಮಾತ್ರ ಹೊರಗಿತ್ತು. ಆ ಕೈಯಲ್ಲಿ ಕೇಬಲ್ ಇತ್ತು.

"ಪೆಟ್ಟಾಯ್ತಾ?"

"ಇಲ್ಲ. ಸಿಕ್ಕಿತು."

"ನನ್ನ ಬಸಳೆ," ಎಂದಳು. ಅಷ್ಟೇ. ಅವಳು ಗಂಟಲನ್ನು ಕೂಟಕ್ಕೆಂದು ಉಳಿಸಿಕೊಳ್ಳುತ್ತಿದ್ದದ್ದು ನನ್ನ ಪುಣ್ಯ.

ಕೇಬಲ್ ಬಿಸಿಲಿಗೆ ಬಿಳಚಿಕೊಂಡಿತ್ತು. ಒರೆಸಿ ಚುಚ್ಚಿದೆ. ಕಂಪ್ಯೂಟರು ಟಿಣ್ ಎಂದಿತು. ಬೋರ್ಡು ಸಿಕ್ಕಿತು! ಇನ್ನು ಉಳಿದದ್ದು ಒಂದೇ ಕಸರತ್ತು. ಬೋರ್ಡಿನ ಮೇಲೆ ಎರಡು ಸಣ್ಣ ಗುಂಡಿಗಳು. ಒಂದನ್ನು ಒತ್ತಿ ಹಿಡಿದೇ ಇರಬೇಕು, ಇನ್ನೊಂದನ್ನು ಒತ್ತಿ ಬಿಡಬೇಕು, ಅದೇ ಗಳಿಗೆಯಲ್ಲಿ ಕಂಪ್ಯೂಟರಿನಲ್ಲಿ ಎಂಟರ್ ಹೊಡೆಯಬೇಕು. ದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟದ್ದರ ಕೊರತೆ ನನಗೆ ಅಂದು ಗೊತ್ತಾಯಿತು. ವಸುಮತಿಯನ್ನು ಕರೆದೆ. ಅವಳು ಒಗ್ಗರಣೆಯ ಕೈ ಒರೆಸಿಕೊಂಡು ಬಂದಳು, ತುಟಿಯಲ್ಲಿ ರಾಣಿಯ ಮಾತು ಗುನುಗುತ್ತಾ ಇತ್ತು.

"ಇದನ್ನು ಒತ್ತು. ನಾನು ಬಿಡು ಅನ್ನುವವರೆಗೆ ಬಿಡ್ಬಾರ್ದು."

"ಹ್ಞೂಂ." ಒತ್ತಿದಳು. "ಅರಸನಾದವನು ಹೆಂಡತಿಯ ಮಾತನ್ನು ಕೇಳದೆ ಕೆಟ್ಟದ್ದು ಇದೇ ಮೊದಲಲ್ಲ."

"ಅದು ನನಗೆ ಹೇಳಿದ್ದಾ?"

"ಅಲ್ಲ, ಯಜ್ಞೇಶ್ವರಣ್ಣನಿಗೆ. ಅಭ್ಯಾಸ. ನೀವು ನಿಮ್ಮ ಕೆಲಸ ಮಾಡಿ."

"ಬಿಡು!"

ಬಿಟ್ಟಳು. ಪರದೆಯ ಮೇಲೆ ಅಕ್ಷರಗಳು ಸರಸರ ಇಳಿದವು. ಎಲ್ಲ ಅಳಿಸಲೇ ಎಂದು ಕೇಳಿತು, ಹೌದು ಎಂದೆ. ಈ ಸಲ ಪಂಪಿನ ಆಟೋ ಆಫ್, ಕಂಪ್ಯೂಟರಿಗೆ ಇನ್ವರ್ಟರಿನ ಆಸರೆ, ನಾನು ಉಸಿರನ್ನೂ ಅಳತೆ ಮಾಡಿ ಬಿಡುತ್ತಿದ್ದೆ. ನೂರಕ್ಕೆ ನೂರು ಆಯಿತು. ಬೋರ್ಡಿನ ದೀಪ ಮಿನುಗಿ ನಿಂತು ಬೆಳಗಿತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಸತ್ತದ್ದನ್ನು ಬದುಕಿಸಿದ್ದೆ! ನಿಜ ಹೇಳುತ್ತೇನೆ, ಡಿಗ್ರಿ ಪಾಸಾದ ದಿನವೂ ಅಷ್ಟು ಹೆಮ್ಮೆಯಾಗಿರಲಿಲ್ಲ. ಸ್ಪೀಕರಿಗೆ ಜೋಡಿಸಿದೆ. ಪರದೇಶದ ಯಾವುದೋ ಹೆಂಗಸು ಬಹಳ ಮರ್ಯಾದೆಯ ದನಿಯಲ್ಲಿ, ಯಾವ ಭಾಷೆಯೋ ತಿಳಿಯದಂತೆ ನಮಸ್ಕಾರ ಹೇಳಿದಳು.

ವಸುಮತಿ ನನ್ನನ್ನು ನೋಡಿದಳು. "ಇವಳು ಯಾರು?"

"ಕಂಪನಿಯವಳು."

"ನನ್ನ ಸ್ವರ ಎಲ್ಲಿ?"

ಅವಳ ಸ್ವರ, ನಾನು ಬರೆದ ಪ್ರೋಗ್ರಾಮು, ಸೆನ್ಸರಿನ ಲೆಕ್ಕಾಚಾರ, ಎಲ್ಲ ಆ ಬೋರ್ಡಿನ ಹೊಟ್ಟೆಯಲ್ಲೇ ಇತ್ತು. ಪ್ರೋಗ್ರಾಮಿನ ನಕಲು ಇದ್ದದ್ದು ಶಾಲೆಯ ಕಂಪ್ಯೂಟರಿನಲ್ಲಿ, ಭಾನುವಾರ ಶಾಲೆಗೆ ಬೀಗ. ಎಲ್ಲ ಅಳಿಸಲೇ ಎಂದಾಗ ಹೌದು ಎಂದವನು ನಾನು.

"ಇನ್ನೊಮ್ಮೆ ಕೂಗಿ ಕೊಡು," ಎಂದೆ, ಮೆಲ್ಲಗೆ. "ಹೇಗಾದ್ರೂ ಮಾಡಿ ಹಾಕ್ತೇನೆ."

"ಗಂಟಲು ಹರಿದುಕೊಂಡು ಯಜ್ಞೇಶ್ವರಣ್ಣನ ಎದುರು ಕೂರುದಾ?" ಎಂದಳು. ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿತು. ಅವಳನ್ನು ಕರೆದೊಯ್ಯಲು ತಂಗಿ ಗಾನಶ್ರೀ ಪುತ್ತೂರಿನಿಂದ ಬಂದಿದ್ದಳು. ವಸುಮತಿ ಸೀರೆ ಉಟ್ಟು ಬಂದು ಬಾಗಿಲಲ್ಲಿ ನಿಂತಳು. "ನಾನು ಹೋಗುದಿಲ್ಲ. ಗೊನೆ ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ. ಇನ್ನೊಂದು ಸಲ ನೋಡುವ."

ಆ ಇನ್ನೊಂದು ಸಲ ಎನ್ನುವುದನ್ನು ನಾನು ವರ್ಷಗಟ್ಟಲೆ ಕೇಳಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು. "ನೀನು ಹೊರಡು," ಎಂದೆ. "ತೋಟಕ್ಕೆ ನಾನುಂಟು."

"ಮೊದಲ ಸಾಲು?"

ನಾನು ಕಾರಿನ ಬಾಗಿಲು ತೆಗೆದು ಹಿಡಿದೆ. ಅವಳು ಕಾರು ಹತ್ತಿದಳು, ತಿರುಗಿ ನೋಡಲಿಲ್ಲ. ಗಾನಶ್ರೀ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಭಾವ, ನಾನು ಫೋನ್ ಮಾಡ್ತೇನೆ. ಅಕ್ಕನ ಅರ್ಥವನ್ನು ಕೂತಲ್ಲಿಂದಲೇ ಕೇಳಿ," ಎಂದಳು.

ಮೂರು ಗಂಟೆಗೆ ಬೋರ್ಡನ್ನು ಹಾರ್ನಿಗೆ ಜೋಡಿಸಿ ಪಂಪ್ ಶೆಡ್ಡಿನ ಬಾಗಿಲಲ್ಲಿ ಕೋಲು ಹಿಡಿದು ನಿಂತೆ. ಮಂಗಗಳು ಹೇಳಿದ ಹೊತ್ತಿಗೆ ಬಂದವು. "ಹೋಯ್, ಇಳಿ ಕೆಳಗೆ!" ಎಂದು ನಾನು ಕೂಗಿದೆ. ಮರಿಗಳು ಸಹ ಹೆದರಲಿಲ್ಲ. ಹಿಂಡಿನ ಯಜಮಾನ, ಕೆಂಪು ಮುಸುಡಿನ ಒಂದು ದಡಿಯ, ಮೊದಲ ಗೊನೆಯ ಮೇಲೆ ಕೂತು ಹೊಟ್ಟೆ ತುರಿಸಿಕೊಂಡ. ಹತ್ತು ಸಾಲು ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುವ ನನ್ನ ಸ್ವರಕ್ಕೆ ಆ ತೋಟದಲ್ಲಿ ಕವಡೆ ಕಿಮ್ಮತ್ತಿರಲಿಲ್ಲ.

ಅಷ್ಟರಲ್ಲಿ ಗಾನಶ್ರೀಯ ಫೋನು. "ಭಾವ, ಶುರುವಾಯ್ತು. ಕೇಳ್ತದಾ?"

ಅದೇ ಕ್ಷಣದಲ್ಲಿ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಬೋರ್ಡಿನಲ್ಲಿ ಬ್ಲೂಟೂತ್ ಉಂಟಲ್ಲ! ಕಂಪನಿಯವಳು ಬೇರೆ ಏನೂ ಮಾಡದಿದ್ದರೂ ಫೋನಿನ ಮಾತನ್ನು ಹಾರ್ನಿಗೆ ದಾಟಿಸಬಲ್ಲಳು. "ಗಾನ, ಫೋನನ್ನು ಅಕ್ಕನ ಹತ್ತಿರ ಇಡು. ಆದಷ್ಟು ಹತ್ತಿರ," ಎಂದೆ. "ಏನು ಭಾವ, ಗಲಾಟೆಯಲ್ಲಿ ಕೇಳುದಿಲ್ಲ, ಇರಿ ಸ್ಪೀಕರಿಗೆ ಹಾಕ್ತೇನೆ," ಎಂದಳು. ಇನ್ನೊಮ್ಮೆ ಹೇಳಿದೆ. ಅವಳು ಎದ್ದು ಹೋಗಿ ವೇದಿಕೆಯ ಮೇಲೆ ವಸುಮತಿಯ ಮೈಕಿನ ಬುಡದಲ್ಲೇ ಫೋನು ಇಟ್ಟು ಬಂದಳು. ನಾನು ಬೋರ್ಡಿಗೆ ಜೋಡಿಸಿದೆ.

ಹಾರ್ನಿನಿಂದ ರಾಣಿ ಗುಡುಗಿದಳು. "ಸಿಂಹಾಸನದ ಮೇಲೆ ಕುಳಿತ ಮಾತ್ರಕ್ಕೆ ಸತ್ಯ ನಿಮ್ಮ ಪಕ್ಕಕ್ಕೆ ಬಂದು ಕುಳಿತೀತೇ, ಮಹಾರಾಜ?"

ಮಂಗಗಳು ದಿಕ್ಕೆಟ್ಟು ಓಡಿದವು. ಮರಿಗಳನ್ನು ಹೊಟ್ಟೆಗೆ ಕಟ್ಟಿಕೊಂಡು ತಾಯಂದಿರು ಹೊಳೆಯ ಕಡೆ ಹಾರಿದರು. ರಾಣಿ ಒಂದೊಂದು ಮಾತು ಎತ್ತಿದಾಗಲೂ ಒಂದೊಂದು ಮರ ಖಾಲಿಯಾಯಿತು. ಎಂಥ ಸ್ವರ, ಎಂಥ ತರ್ಕ! ಯಜ್ಞೇಶ್ವರಣ್ಣ ಎಸೆದ ಪ್ರತಿ ಪ್ರಶ್ನೆಯನ್ನೂ ಹಿಡಿದು ತಿರುಗಿಸಿ ಎಸೆಯುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಈ ಮಾತನ್ನು ನಾವು, ನಾನೂ ಮಂಗಗಳೂ, ಬಿಟ್ಟಿಯಾಗಿ ಕೇಳಿಕೊಂಡು ಬಂದಿದ್ದೆವು.

ಯಜಮಾನ ಮಂಗ ಒಂದು ಮಾತ್ರ ಗೊನೆ ಬಿಡಲಿಲ್ಲ. ಹಾರ್ನಿನಲ್ಲಿ ಈಗ ಯಜ್ಞೇಶ್ವರಣ್ಣನ ಸರದಿ. ಅವರು ಗಂಭೀರವಾಗಿ, ಏರುದನಿಯಲ್ಲಿ ಕೇಳುತ್ತಿದ್ದರು: "ಈ ಸಿಂಹಾಸನದಲ್ಲಿ ಕುಳಿತ ನನಗೆ ಎದುರಾಡುವ ಎದೆಗಾರಿಕೆ ಈ ರಾಜ್ಯದಲ್ಲಿ ಯಾರಿಗಿದೆ?"

ನಾನು ಬೋರ್ಡಿನ ಪಕ್ಕದಲ್ಲೇ ನಿಂತು ಕೋಲೆತ್ತಿ, ಇದ್ದಬದ್ದ ಶಕ್ತಿಯಿಂದ ಕೂಗಿದೆ. "ಎಲಾ ಕೆಂಪು ಮುಸುಡಿನವನೇ! ತಿಂದದ್ದು ಸಾಕು, ಇಳಿ ಕೆಳಗೆ! ನಿನ್ನ ಅಪ್ಪನದ್ದಾ ಅದು?"

ಹಾರ್ನಿನಲ್ಲಿ ಒಮ್ಮೆಗೇ ಮೌನ. ಆ ಮೌನದಲ್ಲಿ, ಬಹಳ ದೂರದಿಂದ, ಪುತ್ತೂರಿನ ಸಭಾಂಗಣದ ಗೋಡೆಗಳಿಗೆ ಬಡಿದು ನನ್ನದೇ ಸ್ವರ ನನ್ನ ಕಡೆಗೆ ತಿರುಗಿ ಬಂತು. "ನಿನ್ನ ಅಪ್ಪನದ್ದಾ ಅದು?"

ಬೋರ್ಡಿನಲ್ಲಿ ಮೈಕು ಉಂಟು ಎಂದು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದವನು ನಾನೇ. ಫೋನು ಸ್ಪೀಕರಿನಲ್ಲಿ, ಸ್ಪೀಕರು ಮೈಕಿನ ಬುಡದಲ್ಲಿ, ಮೈಕು ಸಭೆಯ ಕಿವಿಯಲ್ಲಿ. ಕೈಯಿಂದ ಕೋಲು ಜಾರಿತು. ಭೂಮಿ ಬಾಯಿ ಬಿಟ್ಟರೆ ಪಂಪ್ ಶೆಡ್ಡಿನ ಸಮೇತ ಇಳಿದು ಹೋಗಲು ತಯಾರಾಗಿದ್ದೆ. ವಸುಮತಿಯ ಮೊದಲ ಕೂಟವನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ.

ಆಗ ರಾಣಿಯ ಸ್ವರ ಬಂತು. ಒಂದಿಷ್ಟೂ ನಡುಗದ, ಒಂದಿಷ್ಟೂ ಅವಸರವಿಲ್ಲದ ಸ್ವರ.

"ಕೇಳಿದಿರಲ್ಲ, ಮಹಾರಾಜ? ಎದುರಾಡುವವರು ಯಾರಿದ್ದಾರೆ ಎಂದು ಕೇಳಿದಿರಿ. ಕೋಟೆಯ ಹೊರಗೆ ನಿಂತ ಬಡ ರೈತ ಉತ್ತರ ಕೊಟ್ಟಿದ್ದಾನೆ. ಅವನಿಗಿರುವ ಎದೆಗಾರಿಕೆ ನಿಮ್ಮ ಮಂತ್ರಿಗಳಿಗೂ ಇಲ್ಲ. ಈಗಲಾದರೂ ಇಳಿಯಿರಿ ಕೆಳಗೆ!"

ಸಭೆ ಬಿದ್ದು ಬಿದ್ದು ನಕ್ಕಿತು, ಆಮೇಲೆ ಚಪ್ಪಾಳೆ. ಅದು ಹಾರ್ನಿನಲ್ಲಿ ಮಳೆ ಸುರಿದಂತೆ ಬಂತು, ನಿಲ್ಲಲೇ ಇಲ್ಲ. ಯಜ್ಞೇಶ್ವರಣ್ಣ ನೀರು ಕೇಳಿದ್ದು ನನಗೆ ತೋಟದಲ್ಲಿ ಸ್ಪಷ್ಟವಾಗಿ ಕೇಳಿಸಿತು. ಯಜಮಾನ ಮಂಗ ಗೊನೆ ಬಿಟ್ಟು ಹೊಳೆಯ ಕಡೆ ಹೊರಟಿತು.

ಸಂಜೆ ಕಾರು ಅಂಗಳಕ್ಕೆ ಬಂದಾಗ ನಾನು ಬಸಳೆ ಚಪ್ಪರವನ್ನು, ಈ ಸಲ ಹಗ್ಗದಿಂದಲೇ, ಎತ್ತಿ ಕಟ್ಟುತ್ತಿದ್ದೆ. ವಸುಮತಿ ಹೆಗಲ ಮೇಲೆ ಶಾಲು ಹೊದ್ದು ಇಳಿದಳು. ಮುಖದಲ್ಲಿ ಇನ್ನೂ ರಾಣಿಯೇ ಇದ್ದಳು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಗೊನೆ?" ಎಂದಳು.

"ಒಂದು ಹೋಯ್ತು. ಬಾಕಿ ಎಲ್ಲ ಉಂಟು. ನಿನ್ನ ಸ್ವರ ಕಾಪಾಡಿತು." ಕೈಯ ಹಗ್ಗ ಕೆಳಗಿಟ್ಟೆ. "ವಸುಮತಿ, ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತುಂಟಾ?"

ಅವಳ ಮುಖ ಸ್ವಲ್ಪ ಸಡಿಲವಾಯಿತು. "ಮುಂದಿನ ತಿಂಗಳು ಕಡಬದಲ್ಲಿ ಕೂಟ ಉಂಟಂತೆ. ಯಜ್ಞೇಶ್ವರಣ್ಣನೇ ಕರೆದ್ರು. ನಿಮ್ಮನ್ನೂ ಬಿಡ್ಲಿಕ್ಕಾಗುದಿಲ್ಲ ಅಂದ್ರು."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಕಲಾವಿದನಾಗಿ ನನಗೆ ಮೊದಲ ಆಹ್ವಾನ! "ಬಾರದೆ ಉಂಟಾ? ಮೊದಲ ಸಾಲಿನಲ್ಲೇ ಕೂರ್ತೇನೆ. ಎಷ್ಟು ಗಂಟೆಗೆ ಹೊರಡ್ಬೇಕು?"

"ನೀವು ಹೊರಡುದು ಬೇಡ," ಎಂದಳು ವಸುಮತಿ, ಶಾಲು ಮಡಚುತ್ತಾ. "ಮೊದಲ ಸಾಲಿನ ನಿಮ್ಮ ಕುರ್ಚಿಯಲ್ಲಿ ಗಾನ ಫೋನ್ ಇಡ್ತಾಳೆ. ನೀವು ತೋಟದಿಂದಲೇ ಮಾತಾಡಿದ್ರೆ ಸಾಕಂತೆ. ಆ ದಿನ ಮಂಗನನ್ನು ಮಾತ್ರ ಓಡಿಸ್ಬೇಡಿ ಅಂದಿದ್ದಾರೆ. ಅದು ಎದುರಿಗೆ ಇದ್ರೆ ಮಾತ್ರ ನಿಮಗೆ ಮಾತು ಬರುದಂತೆ."